‘ಓಪನ್ ಆಗ್ತಿಲ್ಲ’ ಅಂದ ಕೂಡಲೇ ಫಾರ್ಮ್ಯಾಟ್ ಮಾಡಬೇಕಾ?

ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕ ದಿನದಿಂದ ನೆಂಟರ ಮನೆಯ ಪ್ರಿಂಟರು, ವೈಫೈ, ಸೆಟ್‌ಟಾಪ್ ಬಾಕ್ಸು ಎಲ್ಲದಕ್ಕೂ ನಾವೇ ಡಾಕ್ಟರು. ಇದು ನಮ್ಮ ಕ್ಯಾಂಪಸ್ಸಿನಲ್ಲಿ ಎಲ್ಲರ ಕಥೆ, ಹೊಸದೇನಲ್ಲ. ಹೊಸದು ಏನಂದ್ರೆ ಕಳೆದ ತಿಂಗಳು ಕರೂರು ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ನಮ್ಮ ಡಾಕ್ಟರಿಕೆ ಪೂರ್ತಿ ಬಯಲಾಯ್ತು. ಅದನ್ನ ಮುಚ್ಚಿಡೋದಕ್ಕಿಂತ ಬರೆದುಬಿಡೋದು ಒಳ್ಳೇದು ಅನ್ನಿಸ್ತು.

ನಮ್ಮ ಮೂವರಲ್ಲಿ ಒಬ್ಬನ ಸೋದರಮಾವನದು ಕರೂರಲ್ಲಿ ಸಣ್ಣ ಮಷಿನಿಂಗ್ ಶೆಡ್ಡು. ಮೂರು ಲೇತು, ಒಂದು ಮಿಲ್ಲಿಂಗ್ ಮಷಿನ್ನು, ಗಾಜಿನ ಬಾಗಿಲಿನ ಒಂದು ಪುಟ್ಟ ಆಫೀಸು. ಆಫೀಸಲ್ಲಿ ಒಂದೇ ಕಂಪ್ಯೂಟರ್. ಟ್ಯಾಲಿ ಅದರಲ್ಲೇ, ಜಿಎಸ್‌ಟಿ ಅದರಲ್ಲೇ, ಮೇಲೂ ಅದರಲ್ಲೇ. ಶನಿವಾರ ಬೆಳಗ್ಗೆ ಮಾವನ ಫೋನು: "ಮೇಲ್ ಓಪನ್ ಆಗ್ತಿಲ್ಲ ಕಣೋ. ಕಂಪ್ಯೂಟರ್ ಹುಡುಗ ಬಂದಿದ್ದ, ಫಾರ್ಮ್ಯಾಟ್ ಮಾಡಬೇಕು ಅಂದ. ಸಂಜೆ ಬಂದು ಮಾಡ್ತಾನಂತೆ. ಅಷ್ಟ್ರೊಳಗೆ ನೀವೊಂದ್ಸಲ ನೋಡ್ರಿ."

ನಾವು ಹೋಗುವ ದಾರಿಯಲ್ಲೇ ತೀರ್ಮಾನ ಮಾಡಿಯಾಗಿತ್ತು: ಅನ್‌ಇನ್‌ಸ್ಟಾಲ್ ಮಾಡೋದು, ಮತ್ತೆ ಇನ್‌ಸ್ಟಾಲ್ ಮಾಡೋದು, ಆಗಲಿಲ್ಲ ಅಂದ್ರೆ ಫಾರ್ಮ್ಯಾಟ್. ಅಂದ್ರೆ ಬೈಕಿನ ಮೇಲೆ ಕೂತ ನಮಗೂ ಆ ಕಂಪ್ಯೂಟರ್ ಹುಡುಗನಿಗೂ ಏನೂ ವ್ಯತ್ಯಾಸ ಇರಲಿಲ್ಲ. ಅವನಾದ್ರೂ ಕಂಪ್ಯೂಟರ್ ನೋಡಿ ಹೇಳಿದ್ದ, ನಾವು ನೋಡದೇನೇ ಹೇಳಿದ್ವಿ.

ಅಲ್ಲಿ ಹೋಗಿ ನೋಡಿದ್ರೆ ಮೇಲ್ ಪ್ರೋಗ್ರಾಂ ಥಂಡರ್‌ಬರ್ಡ್. ಐಕಾನ್ ಡಬಲ್ ಕ್ಲಿಕ್ ಮಾಡಿದ್ರೆ ಏನೂ ಬರಲ್ಲ. ಇನ್ನೊಂದ್ಸಲ ಮಾಡಿದ್ರೆ ಒಂದು ಪುಟ್ಟ ಪೆಟ್ಟಿಗೆ: ಥಂಡರ್‌ಬರ್ಡ್ ಆಗಲೇ ಓಡ್ತಾ ಇದೆ, ಆದ್ರೆ ಉತ್ತರ ಕೊಡ್ತಾ ಇಲ್ಲ, ಹಳೇದನ್ನ ಮುಚ್ಚಿ ಅನ್ನೋ ಅರ್ಥದ ಇಂಗ್ಲಿಷ್ ಸಾಲು. ಲೆಕ್ಕ ನೋಡಿಕೊಳ್ಳೋ ಅಕ್ಕ ಕೇಳಿದ್ರು: "ತೆಗದೇ ಇಲ್ಲ, ಮುಚ್ಚೋದು ಏನನ್ನ?" ಬಹಳ ನ್ಯಾಯವಾದ ಪ್ರಶ್ನೆ. ನಾವು ಅದಕ್ಕೆ ಕೊಟ್ಟ ಉತ್ತರ ಹೀಗಿತ್ತು: "ಅಕ್ಕ, ಅದು ಬ್ಯಾಕ್‌ಗ್ರೌಂಡಲ್ಲಿ ಪ್ರೋಸೆಸ್ ರನ್ ಆಗ್ತಿದೆ, ಪ್ರೊಫೈಲ್ ಲಾಕ್ ಆಗಿದೆ." ಅಕ್ಕ ತಲೆ ಆಡಿಸಿದ್ರು. ಅರ್ಥ ಆಗಿ ಆಡಿಸಿದ್ದಲ್ಲ, ಇವರ ಹತ್ರ ಕೇಳಿ ಉಪಯೋಗ ಇಲ್ಲ ಅಂತ ಆಡಿಸಿದ್ದು.

ಇಲ್ಲಿ ಒಂದು ಮಾತು. ನಾವು ಮೂವರೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಆ ಪೆಟ್ಟಿಗೆಯ ಸಾಲು ಓದೋಕೆ ನಮಗೆ ಎರಡು ಸೆಕೆಂಡು ಸಾಕು. ಆದ್ರೆ ಎದುರು ಕೂತವರಿಗೆ ಅದನ್ನ ಹೇಳೋಕೆ ಬಾಯಿ ಬರಲಿಲ್ಲ. ಓದಿದ್ದು ನಮಗೇ ಪೂರ್ತಿ ಅರ್ಥ ಆಗಿರಲಿಲ್ಲ ಅನ್ನೋದು ಆಮೇಲೆ ಗೊತ್ತಾಯ್ತು. ಇಂಗ್ಲಿಷ್ ಪದಗಳನ್ನ ಹಾಗೇ ದಾಟಿಸಿಬಿಟ್ರೆ ಅರ್ಥ ಆಗಿಲ್ಲ ಅನ್ನೋದು ನಮಗೂ ಕಾಣಲ್ಲ, ಕೇಳುವವರಿಗೂ ಕಾಣಲ್ಲ.

ಆಗಿದ್ದು ಇಷ್ಟು. ಮೊದಲ ಡಬಲ್ ಕ್ಲಿಕ್ಕಿಗೇ ಪ್ರೋಗ್ರಾಂ ಶುರುವಾಗಿತ್ತು, ಆದ್ರೆ ಕಿಟಕಿ ತೋರಿಸೋಕೆ ಮುಂಚೆಯೇ ಎಲ್ಲೋ ಸಿಕ್ಕಿಕೊಂಡು ನಿಂತಿತ್ತು. ಒಂದು ಥಂಡರ್‌ಬರ್ಡ್ ತನ್ನ ಪ್ರೊಫೈಲ್ ಅನ್ನೋ ಫೋಲ್ಡರನ್ನ ಹಿಡ್ಕೊಂಡಿರುವಾಗ ಇನ್ನೊಂದನ್ನ ಒಳಗೆ ಬಿಡಲ್ಲ. ಎರಡೂ ಒಂದೇ ಫೈಲಿಗೆ ಬರೆದ್ರೆ ಮೇಲ್ ಎಲ್ಲ ಕಲಸುಮೇಲೋಗರ ಆಗುತ್ತೆ ಅಂತ ಆ ಬೀಗ. ಹಾಗಾಗಿ ಟಾಸ್ಕ್ ಮ್ಯಾನೇಜರಿಗೆ ಹೋಗಿ ನಿಂತುಹೋದದ್ದನ್ನ ಎಂಡ್ ಟಾಸ್ಕ್ ಕೊಟ್ಟು, ಮತ್ತೆ ತೆರೆದ್ವಿ. ಮತ್ತೆ ಅದೇ ಕಥೆ. ರೀಸ್ಟಾರ್ಟ್ ಮಾಡಿದ್ವಿ, ಅದೇ ಕಥೆ. ಶಿಫ್ಟ್ ಕೀ ಒತ್ತಿ ಹಿಡ್ಕೊಂಡು ತೆರೆದ್ರೆ ಆಡ್‌ಆನ್‌ಗಳಿಲ್ಲದೆ ತೆರೆಯುವ ಟ್ರಬಲ್‌ಶೂಟ್ ಮೋಡ್ ಬರಬೇಕು, ಅದೂ ಬರಲಿಲ್ಲ.

ನಮ್ಮಲ್ಲಿ ಒಬ್ಬ ಅಂದೇಬಿಟ್ಟ, "ಫಾರ್ಮ್ಯಾಟೇ ಬೆಸ್ಟು."

ಆಗ ಲೇತ್ ಮೇಲಿದ್ದ ಚಾಚಾ ಕೈ ಒರೆಸಿಕೊಂಡು ಬಾಗಿಲಿಗೆ ಬಂದ್ರು. ಅವರಿಗೆ ಬೇಕಾಗಿದ್ದು ಮೇಲಲ್ಲ, ಮೇಲಿನೊಳಗಿದ್ದ ಒಂದು ಡ್ರಾಯಿಂಗು. ಒಂದು ಶಾಫ್ಟಿನ ಜಾಬು ಅರ್ಧಕ್ಕೆ ನಿಂತಿತ್ತು. ಪ್ರಿಂಟೌಟು ಕೂಲಂಟ್ ನೀರು ಬಿದ್ದು ಹರಿದುಹೋಗಿತ್ತು. "ಬೇರಿಂಗ್ ಕೂರೋ ಜಾಗ 35 ಅಂತ ನೆನಪೈತಿ. ಪ್ಲಸ್ ಎಷ್ಟು ಮೈನಸ್ ಎಷ್ಟು ಅಂತ ನೆನಪಿಲ್ಲ. ಅಂದಾಜಿನ ಮ್ಯಾಲೆ ಹೊಡದ್ರ ಮಾಲು ಸ್ಕ್ರ್ಯಾಪು." ಸೋಮವಾರ ಡೆಲಿವರಿ. ಮೇಲ್ ಬಂದು ತಿಂಗಳ ಮೇಲಾಗಿತ್ತು.

ಬ್ರೌಸರಲ್ಲಿ ಲಾಗಿನ್ ಆಗಿ ನೋಡಬಹುದಲ್ಲ ಅಂತ ನೀವು ಕೇಳ್ತೀರ. ನಾವೂ ಕೇಳಿದ್ವಿ. ಒಂದು, ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ವರ್ಷಗಳ ಹಿಂದೆ ಕೆಲಸ ಬಿಟ್ಟು ಹೋದವರು ಯಾರೋ ಅದನ್ನ ಪ್ರೋಗ್ರಾಮಿನೊಳಗೆ ಸೇವ್ ಮಾಡಿದ್ರು. ಎರಡು, ಇದು ಪಿಒಪಿ ಖಾತೆ. ಐಎಂಎಪಿ ಅಂದ್ರೆ ಮೇಲ್ ಸರ್ವರಲ್ಲೇ ಇರುತ್ತೆ, ಕಂಪ್ಯೂಟರಲ್ಲಿ ಇರೋದು ಅದರ ನಕಲು. ಪಿಒಪಿ ಅಂದ್ರೆ ಮೇಲನ್ನ ಕಂಪ್ಯೂಟರಿಗೆ ಇಳಿಸಿಕೊಳ್ಳೋದು, ಆಮೇಲೆ ಸರ್ವರಿಂದ ಅಳಿಸೋದು. ಇಲ್ಲಿ 14 ದಿನ ಆದಮೇಲೆ ಅಳಿಸು ಅಂತ ಸೆಟ್ ಆಗಿತ್ತು ಅನ್ನೋದು ಪ್ರೋಗ್ರಾಂ ತೆರೆದಮೇಲೆ ಗೊತ್ತಾಯ್ತು. ಅಂದ್ರೆ ಆ ಶೆಡ್ಡಿನ ಒಂಬತ್ತು ವರ್ಷದ ಆರ್ಡರು, ಡ್ರಾಯಿಂಗು, ರೇಟಿನ ಬಗ್ಗೆ ನಡೆದ ಜಗಳ ಎಲ್ಲದರ ಒಂದೇ ಒಂದು ಪ್ರತಿ ಇಡೀ ಜಗತ್ತಿನಲ್ಲಿ ಇದ್ದದ್ದು ಆ ಮೇಜಿನ ಕೆಳಗಿನ ಡಬ್ಬಿಯಲ್ಲಿ. ಸಂಜೆ ಫಾರ್ಮ್ಯಾಟ್ ಆಗಬೇಕಾಗಿದ್ದೂ ಅದೇ ಡಬ್ಬಿ.

ಕಸ್ಟಮರಿಗೆ ಇನ್ನೊಂದ್ಸಲ ಕಳಿಸಿ ಅಂತ ಕೇಳಬಹುದಿತ್ತು. ಮಾವ ಒಪ್ಪಲಿಲ್ಲ. "ತಿಂಗಳ ಹಿಂದೆ ಕೊಟ್ಟಿದ್ದನ್ನ ಕಳ್ಕೊಂಡ್ವಿ ಅಂತ ಹೇಳೋದಾ? ಮುಂದಿನ ಆರ್ಡರ್ ಕೊಡ್ತಾನಾ ಅವನು?" ನಮಗೆ ಇದು ಅತಿ ಅನ್ನಿಸ್ತು. ಆದ್ರೆ ಮೂರು ಲೇತಿನ ಶೆಡ್ಡಿಗೆ ಮರ್ಯಾದೆಯೇ ಬಂಡವಾಳ, ಅದನ್ನ ಅತಿ ಅನ್ನೋಕೆ ನಾವು ಯಾರು.

ಏನಾದ್ರೂ ಮಾಡೋ ಮುಂಚೆ ನಕಲು ತೆಗೆಯೋಣ ಅಂತ ಆಗ ಹೊಳೀತು. ಮೊದಲೇ ಹೊಳೀಬೇಕಿತ್ತು. ಥಂಡರ್‌ಬರ್ಡಿನ ಪ್ರೊಫೈಲ್ ಇರೋದು ಆಪ್‌ಡೇಟಾದ ರೋಮಿಂಗ್ ಫೋಲ್ಡರಿನೊಳಗೆ, ಮಾಮೂಲಾಗಿ ಕಣ್ಣಿಗೆ ಬೀಳಲ್ಲ. ಹುಡುಕಿ ತೆಗೆದು ನಮ್ಮ 32 ಜಿಬಿ ಪೆನ್‌ಡ್ರೈವಿಗೆ ಕಾಪಿ ಕೊಟ್ವಿ. ಫೈಲ್ ತುಂಬಾ ದೊಡ್ಡದು, ಆಗಲ್ಲ ಅಂತು. ಪೆನ್‌ಡ್ರೈವಲ್ಲಿ ಪೂರ್ತಿ ಖಾಲಿ ಜಾಗ ಇದೆ, ಇನ್‌ಬಾಕ್ಸ್ ಫೈಲು ಬರೀ 9 ಜಿಬಿ. ನಮ್ಮ ಮುಖ ನಾವೇ ನೋಡ್ಕೊಂಡ್ವಿ. ಪೆನ್‌ಡ್ರೈವ್ ಎಫ್‌ಎಟಿ32 ಫಾರ್ಮ್ಯಾಟಲ್ಲಿತ್ತು. ಅದರಲ್ಲಿ ಒಂದು ಫೈಲು 4 ಜಿಬಿ ದಾಟುವ ಹಾಗಿಲ್ಲ, ಒಟ್ಟು ಜಾಗ ಎಷ್ಟಾದ್ರೂ ಇರಲಿ. ಫೈಲ್ ಸಿಸ್ಟಮ್ ಅನ್ನೋದು ಸಿಲಬಸ್ಸಿನಲ್ಲಿ ಇರೋ ಪಾಠ. ಅದು ನಮ್ಮ ಜೇಬಲ್ಲೇ ಇತ್ತು, ನಮಗೇ ಗುರುತು ಸಿಗಲಿಲ್ಲ.

ಒಬ್ಬ ಹಾಸ್ಟೆಲಿಗೆ ಹೋಗಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತರೋಕೆ ಮುಕ್ಕಾಲು ಗಂಟೆ. ಉಳಿದ ಇಬ್ಬರು ಚಾಚಾ ಜೊತೆ ಚಹಾ ಕುಡೀತಾ ನಿಂತ್ವಿ. ಹೇಳಬೇಕಾದ ಮುಖ್ಯ ವಿಷಯ ಇರೋದು ಈ ಮುಕ್ಕಾಲು ಗಂಟೆಯಲ್ಲಿ.

ಶೆಡ್ಡಿನ ಮೂಲೆಯಲ್ಲಿ ಒಂದು ಹಳೇ ಲೇತು ಇದೆ, ಹರಿಹರದ ಮೈಸೂರು ಕಿರ್ಲೋಸ್ಕರ್‌ನದು. 1941ರಲ್ಲಿ ಶುರುವಾದ ಕಾರ್ಖಾನೆ, ಈಗ ಮುಚ್ಚಿದೆ; ಆದ್ರೆ ಅದರ ಲೇತುಗಳು ಇನ್ನೂ ತಿರುಗ್ತಾನೇ ಇವೆ. ಚಾಚಾ ಕೆಲಸ ಕಲಿತದ್ದು ಅಲ್ಲಿಂದ ರಿಟೈರ್ ಆದ ಒಬ್ಬರ ಹತ್ರ. ನಾವು ಸುಮ್ಮನೆ ಕೇಳಿದ್ವಿ, ಮಷಿನ್ ಕೆಟ್ಟರೆ ಏನ್ ಮಾಡ್ತೀರಿ ಅಂತ. ಚಾಚಾ ನಕ್ಕರು. "ಕೆಟ್ಟೈತಿ ಅನ್ನೋದು ಮಾತಲ್ಲಪಾ. ಏನ್ ಆಗ್ತೈತಿ ಅಂತ ಹೇಳಬೇಕು. ಜಾಬ್ ಟೇಪರ್ ಬರ್ತೈತಾ? ಶಬ್ದ ಬರ್ತೈತಾ? ಬಂದ್ರ ಓಡೋವಾಗ ಬರ್ತೈತಾ, ಲೋಡ್ ಕೊಟ್ಟಾಗ ಬರ್ತೈತಾ?"

ಎರಡು ಸೆಂಟರಿನ ನಡುವೆ ಹಿಡಿದ ಜಾಬು ಒಂದು ಕಡೆ ದಪ್ಪ ಒಂದು ಕಡೆ ಸಣ್ಣ ಬಂದ್ರೆ ಅವರು ಮೊದಲು ನೋಡೋದು ಟೇಲ್‌ಸ್ಟಾಕ್ ನೇರ ಇದೆಯಾ ಅಂತ. ಮೋಟರ್ ಬಿಚ್ಚಲ್ಲ, ಬೆಲ್ಟ್ ಬಿಚ್ಚಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ, ಒಂದು ಕಟ್ಟು, ಮೈಕ್ರೋಮೀಟರ್ ಹಿಡಿದು ಅಳತೆ, ಆಮೇಲೆ ಮುಂದಿನದು. "ಎರಡು ಒಟ್ಟಿಗೆ ತಿರುವಿದ್ರ ಯಾವುದರಿಂದ ಸರಿ ಹೋತು ಅಂತ ಹೆಂಗ್ ಗೊತ್ತಾಗ್ತೈತಿ?"

ನಮ್ಮ ಲ್ಯಾಬಿನಲ್ಲಿ ಇದಕ್ಕೆ ಡೀಬಗ್ಗಿಂಗ್ ಅಂತಾರೆ. ನಾವು ಮಾಡೋದು ಏನಂದ್ರೆ ಪ್ರೋಗ್ರಾಂ ಓಡದಿದ್ರೆ ನಾಲ್ಕು ಸಾಲು ಒಟ್ಟಿಗೆ ಬದಲಾಯಿಸೋದು, ಓಡಿದ್ರೆ ರೆಕಾರ್ಡ್ ಬುಕ್ಕಿಗೆ ಸಹಿ, ಓಡದಿದ್ರೆ ಪಕ್ಕದವನದ್ದು ಕಾಪಿ. ವೈವಾದಲ್ಲಿ ಸ್ಟಾಕ್ ಅಂದ್ರೆ ಏನು ಅಂತ ಕೇಳ್ತಾರೆ. ಎದುರಿಗೆ ಒಂದು ಕೆಟ್ಟ ಕಂಪ್ಯೂಟರ್ ಇಟ್ಟು ಏನಾಗಿದೆ ಹೇಳು ಅಂತ ಎರಡು ವರ್ಷದಲ್ಲಿ ಯಾರೂ ಕೇಳಿಲ್ಲ. ಇದನ್ನ ಮೇಷ್ಟ್ರುಗಳ ಮೇಲೆ ಹಾಕೋ ಇರಾದೆ ನಮಗಿಲ್ಲ. ಕೇಳಿದ್ರೆ ಮೊದಲು ಗೊಣಗೋರು ನಾವೇ, ಪರೀಕ್ಷೆಗೆ ಬರಲ್ಲ ಅಂತ.

ಇನ್ನೂ ಒಂದು ನೋಡಿ. ಚಾಚಾ ಮಾತಿನಲ್ಲಿ ಟೇಪರ್, ಟೇಲ್‌ಸ್ಟಾಕ್, ಬೇರಿಂಗ್ ಎಲ್ಲ ಇಂಗ್ಲಿಷ್ ಪದಗಳೇ. ಆದ್ರೂ ಅದು ಕನ್ನಡ, ಮತ್ತು ಅಲ್ಲಿ ನಿಂತ ಹೊಸ ಹುಡುಗನಿಗೂ ತಿಳಿಯೋ ಕನ್ನಡ. ಯಾಕಂದ್ರೆ ಆ ಪದಗಳ ಹಿಂದೆ ಕೈಗೆ ಸಿಗೋ ವಸ್ತು ಇದೆ, ಸುತ್ತ ಕ್ರಿಯಾಪದ ಇದೆ. ನಮ್ಮ ಪ್ರೋಸೆಸ್ಸು, ಪ್ರೊಫೈಲು ಹಾಗಲ್ಲ, ಬರೀ ಹೆಸರು. ಕನ್ನಡ ಕ್ಲಬ್ಬಿನಲ್ಲಿ ನಾವು ಇಮೇಲಿಗೆ ಮಿಂಚಂಚೆ ಅನ್ನಬೇಕಾ ಬೇಡವಾ ಅಂತ ಒಂದು ಇಡೀ ಸಂಜೆ ಚರ್ಚೆ ಮಾಡಿದ್ದೀವಿ. ಚರ್ಚೆ ಚೆನ್ನಾಗೇ ಇತ್ತು. ಆದ್ರೆ ಅಕ್ಕನಿಗೆ ಬೇಕಾಗಿದ್ದು ಆ ಪದ ಅಲ್ಲ. ಮೇಲ್ ಅಂತಲೇ ಅನ್ನಿ, ಅದು ಯಾಕೆ ತೆರೀತಿಲ್ಲ ಅಂತ ಎರಡು ವಾಕ್ಯದಲ್ಲಿ ಹೇಳಿ, ಇಷ್ಟೇ ಅವರ ಬೇಡಿಕೆ.

ಹಾರ್ಡ್ ಡಿಸ್ಕ್ ಬಂತು, ಪ್ರೊಫೈಲ್ ಪೂರ್ತಿ ಕಾಪಿ ಆಯ್ತು. ಆಮೇಲೆ ಚಾಚಾ ಹೇಳಿದ ಹಾಗೆ ಏನಾಗ್ತಿದೆ ಅಂತ ಮೊದಲಿಂದ ನೋಡಿದ್ವಿ. ಮೈ ಕಂಪ್ಯೂಟರ್ ತೆರೆದ ಕೂಡಲೇ ಕಂಡಿತು: ಸಿ ಡ್ರೈವಿನ ಪಟ್ಟಿ ಪೂರ್ತಿ ಕೆಂಪು. 120 ಜಿಬಿಯಲ್ಲಿ ಉಳಿದಿದ್ದು ಕೆಲವು ಎಂಬಿ. ಬೆಳಗ್ಗೆಯಿಂದ ನಾವು ಈ ಕಿಟಕಿಯನ್ನ ನಾಲ್ಕು ಸಲ ತೆರೆದಿದ್ವಿ, ನೋಡಿರಲಿಲ್ಲ. ಶುರುವಾಗುವಾಗ ಮೇಲ್ ಪ್ರೋಗ್ರಾಂ ಬರೀ ಓದಲ್ಲ, ಬರೆಯುತ್ತೆ ಕೂಡ: ಸೆಟ್ಟಿಂಗು, ಇಂಡೆಕ್ಸು, ಒಳಬರೋ ಮೇಲು. ಬರೆಯೋಕೆ ಜಾಗ ಇಲ್ಲದೆ ನಿಂತುಬಿಡ್ತಿತ್ತು. ಡೌನ್‌ಲೋಡ್ಸಿನಲ್ಲಿ ಯಾರದೋ ಮದುವೆ ವಿಡಿಯೋ, ಟೆಂಪ್ ಫೈಲು, ಹಳೇ ಟ್ಯಾಲಿ ಬ್ಯಾಕಪ್ಪುಗಳು. ಬ್ಯಾಕಪ್ಪುಗಳನ್ನ ಹಾರ್ಡ್ ಡಿಸ್ಕಿಗೆ ಸಾಗಿಸಿ, ಉಳಿದದ್ದನ್ನ ಅಕ್ಕನ ಒಪ್ಪಿಗೆ ಪಡೆದು ಅಳಿಸಿದ್ವಿ. 25 ಜಿಬಿ ಖಾಲಿ ಆಯ್ತು. ಡಬಲ್ ಕ್ಲಿಕ್. ತೆರೀತು.

ಚಾಚಾ ಡ್ರಾಯಿಂಗ್ ನೋಡಿ, ಒಂದು ಸಂಖ್ಯೆ ಅಂಗೈ ಮೇಲೆ ಬರ್ಕೊಂಡು, ಮಾತಾಡದೆ ಲೇತಿಗೆ ಹೋದ್ರು. ಪ್ರಿಂಟೌಟನ್ನ ನಾವೇ ಹಿಂದಿಂದೆ ತಗೊಂಡು ಹೋಗಿ ಕೊಟ್ವಿ.

ಆದ್ರೆ ಇನ್‌ಬಾಕ್ಸ್ 9 ಜಿಬಿ ಯಾಕಾಯ್ತು? ಅಕ್ಕ ದಿನಾ ಬೇಡದ ಮೇಲ್ ಅಳಿಸ್ತಾರೆ, ಟ್ರ್ಯಾಶ್ ಕೂಡ ಖಾಲಿ ಮಾಡ್ತಾರೆ. ಉತ್ತರ ಇದು: ಥಂಡರ್‌ಬರ್ಡ್ ಒಂದು ಫೋಲ್ಡರಿನ ಎಲ್ಲ ಮೇಲನ್ನ ಒಂದೇ ಉದ್ದ ಫೈಲಿನಲ್ಲಿ, ಒಂದರ ಕೆಳಗೆ ಒಂದು ಬರೆದಿಡುತ್ತೆ. ಒಂದನ್ನ ಡಿಲೀಟ್ ಮಾಡಿದ್ರೆ ಅಲ್ಲಿ ‘ಇದು ಅಳಿಸಿದ್ದು’ ಅಂತ ಗುರುತು ಮಾತ್ರ ಹಾಕುತ್ತೆ, ಜಾಗ ಹಾಗೇ ಇರುತ್ತೆ. ಕಾಂಪ್ಯಾಕ್ಟ್ ಅಂತ ಕೊಟ್ಟಾಗಲೇ ಜಾಗ ವಾಪಸ್ ಬರೋದು. ಇದನ್ನ ನಾವು ತಡವರಿಸಿಕೊಂಡು ಹೇಳ್ತಿದ್ದಾಗ ಅಕ್ಕ ಮಧ್ಯೆ ಬಾಯಿ ಹಾಕಿದ್ರು: "ಅಂದ್ರೆ ಲೆಕ್ಕದ ಪುಸ್ತಕದಾಗ ತಪ್ಪಾದ ಸಾಲಿಗೆ ಗೀಟು ಹೊಡದಂಗೆ. ಗೀಟು ಹೊಡದ್ರ ಹಾಳೆ ಏನು ಕಮ್ಮಿ ಆಗಲ್ಲ. ಹೊಸ ಪುಸ್ತಕಕ್ಕ ಸರಿ ಇದ್ದ ಸಾಲು ಇಳಿಸ್ಕೊಂಡು ಹಳೇದು ಬಿಸಾಕಬೇಕು."

ನಾವು ಸುಮ್ಮನಾದ್ವಿ. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಕಾಂಪ್ಯಾಕ್ಟ್ ಮಾಡುವಾಗ ಪ್ರೋಗ್ರಾಂ ಉಳಿದ ಮೇಲನ್ನೆಲ್ಲ ಹೊಸ ಫೈಲಿಗೆ ಬರೆದು, ಆಮೇಲೆ ಹಳೇದನ್ನ ತೆಗೆಯುತ್ತೆ. ಹೊಸ ಪುಸ್ತಕ ಇಡೋಕೆ ಮೇಜಿನ ಮೇಲೆ ಜಾಗ ಬೇಕಲ್ಲ? ಅದಕ್ಕೇ ಡಿಸ್ಕ್ ತುಂಬಿದಮೇಲೆ ಕಾಂಪ್ಯಾಕ್ಟ್ ಕೂಡ ಮಾಡೋಕಾಗಲ್ಲ. ತುಂಬೋಕೆ ಮುಂಚೆಯೇ ಮಾಡಬೇಕು.

ಹಾಗಂತ ಪ್ರೋಗ್ರಾಂ ಕೇಳಿರಲಿಲ್ವಾ ಅಂದ್ರೆ, ಕೇಳಿತ್ತು. ಅಷ್ಟು ದಿನಕ್ಕೊಮ್ಮೆ ಒಂದು ಪೆಟ್ಟಿಗೆ ಬರ್ತಿತ್ತು ಅಂತ ಅಕ್ಕನೇ ನೆನಪು ಮಾಡ್ಕೊಂಡ್ರು. ಫೈಲ್ ನಿರ್ವಹಣೆ ಮಾಡಬೇಕು, ಜಾಗ ಉಳಿಯುತ್ತೆ, ನಿಮ್ಮ ಮೇಲ್‌ಗಳು ಬದಲಾಗಲ್ಲ ಅಂತ ಅದರಲ್ಲಿ ಇಂಗ್ಲಿಷಲ್ಲಿ ಬರೆದಿರುತ್ತೆ. ಮೇಲೆಲ್ಲ ಅಳಿಸಿಹೋದ್ರೆ ಏನ್ ಗತಿ ಅಂತ ಹೆದರಿ ಅಕ್ಕ ಪ್ರತಿ ಸಲ ಕ್ಯಾನ್ಸಲ್ ಒತ್ತಿದ್ರು. ಒಂಬತ್ತು ವರ್ಷದ ಮೇಲನ್ನ ಕಾಪಾಡೋಕೆ ಅಂತ ಒತ್ತಿದ ಕ್ಯಾನ್ಸಲ್ಲೇ ಅದನ್ನ ಫಾರ್ಮ್ಯಾಟಿನ ಬಾಯಿಗೆ ತಂದು ನಿಲ್ಲಿಸಿತ್ತು. ಏನೂ ಬದಲಾಗಲ್ಲ ಅನ್ನೋ ಆ ಒಂದು ಸಾಲನ್ನ ಕನ್ನಡದಲ್ಲಿ ಹೇಳೋರು ಒಬ್ಬರೂ ಸಿಗಲಿಲ್ಲ. ಎಂಜಿನಿಯರಿಂಗ್ ಕಾಲೇಜುಗಳಿರೋ ಊರಿನಲ್ಲಿ ಅನ್ನೋದನ್ನ ಸ್ವಲ್ಪ ಜೋರಾಗೇ ಹೇಳಬೇಕು. ಕಾಂಪ್ಯಾಕ್ಟ್ ಆದಮೇಲೆ ಇನ್‌ಬಾಕ್ಸ್ ಮೂರೂವರೆ ಜಿಬಿ.

ಈಗ ಡೆಸ್ಕ್‌ಟಾಪ್ ಮೇಲ್ ಯಾರು ಬಳಸ್ತಾರೆ, ಎಲ್ಲ ಫೋನಲ್ಲೇ ಅಲ್ವಾ ಅಂತ ಕ್ಲಾಸಲ್ಲಿ ಕೇಳಿದ್ರು. ನಾವು ಬಳಸಲ್ಲ, ನಿಜ. ಆದ್ರೆ ನಾವು ನಾಳೆ ಕೆಲಸಕ್ಕೆ ಸೇರೋ ಆಫೀಸುಗಳು ಬಳಸ್ತವೆ, ಕರೂರು, ಹರಿಹರದ ಶೆಡ್ಡುಗಳೂ ಬಳಸ್ತವೆ. ಔಟ್‌ಲುಕ್ಕಿಗೂ ಇದೇ ರೋಗಗಳಿವೆ. ಅದರ ಪಿಎಸ್‌ಟಿ ಫೈಲಿಗೆ ತುಂಬಾ ಹಳೇ ಆವೃತ್ತಿಗಳಲ್ಲಿ 2 ಜಿಬಿ ಮಿತಿ, 2003 ಮತ್ತು 2007ರಲ್ಲಿ 20 ಜಿಬಿ, 2010ರಿಂದ ಈಚೆಗೆ 50 ಜಿಬಿ. ಕಂಟ್ರೋಲ್ ಕೀ ಒತ್ತಿ ಹಿಡಿದು ಔಟ್‌ಲುಕ್ ತೆರೆದ್ರೆ ಸೇಫ್ ಮೋಡ್ ಬೇಕಾ ಅಂತ ಕೇಳುತ್ತೆ. ಹಾಗೆ ತೆರೆದ್ರೆ ತಪ್ಪು ಯಾವುದೋ ಆಡ್‌ಇನ್ನಿನದು ಅಂತ ಅಂದಾಜು. ಪಿಎಸ್‌ಟಿ ಹಾಳಾಗಿದ್ರೆ ಸ್ಕ್ಯಾನ್‌ಪಿಎಸ್‌ಟಿ ಅನ್ನೋ ರಿಪೇರಿ ಸಾಧನ ಜೊತೆಗೇ ಬರುತ್ತೆ. ಅದನ್ನ ಓಡಿಸೋಕೆ ಮುಂಚೆಯೂ ಒಂದು ನಕಲು ತೆಗೀರಿ.

ಕೆಲವೊಮ್ಮೆ ಏನೂ ಮಾಡದಿರೋದೇ ಸರಿ. 2020ರ ಜುಲೈ 15ರಂದು ಜಗತ್ತಿನ ಎಷ್ಟೋ ದೇಶಗಳಲ್ಲಿ ಔಟ್‌ಲುಕ್ ತೆರೆದ ಕೂಡಲೇ ಮುಚ್ಚಿಕೊಳ್ತಿತ್ತು. ಯಾರ ಕಂಪ್ಯೂಟರೂ ಕೆಟ್ಟಿರಲಿಲ್ಲ, ತಪ್ಪು ಮೈಕ್ರೋಸಾಫ್ಟಿನ ಕಡೆಯ ಬದಲಾವಣೆಯದ್ದು, ಅವರೇ ಸರಿಮಾಡಿದ್ರು. ಆವತ್ತು ಅವಸರಕ್ಕೆ ಬಿದ್ದು ಎಲ್ಲ ಕಿತ್ತುಹಾಕಿ ಮತ್ತೆ ಇನ್‌ಸ್ಟಾಲ್ ಮಾಡಿದವರ ದಿನ ಸುಮ್ಮನೆ ಹೋಯ್ತು. ಪಕ್ಕದ ಶೆಡ್ಡಿಗೆ ಹೋಗಿ ‘ನಿಮ್ದು ತೆರೀತಿದೆಯಾ’ ಅಂತ ಕೇಳೋದೂ ಒಂದು ಪರೀಕ್ಷೆಯೇ, ಖರ್ಚಿಲ್ಲದ್ದು.

ಇನ್ನು 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಿದೆ, ಔಟ್‌ಲುಕ್ 2016, 2019ರದ್ದೂ ಅದೇ ದಿನ. ಶೆಡ್ಡುಗಳಲ್ಲಿ ಕಂಪ್ಯೂಟರ್ ಬದಲಾಯಿಸೋ ಕಾಲ ಇದು. ಬದಲಾಯಿಸುವಾಗ ಹಳೇ ಪ್ರೊಫೈಲು, ಹಳೇ ಪಿಎಸ್‌ಟಿ ಡಬ್ಬಿಯ ಜೊತೆ ಗುಜರಿಗೆ ಹೋಗೋದು ತುಂಬಾ ಸುಲಭ.

ಹಾಗಾಗಿ ಕ್ಲಬ್ಬಿನ ಮುಂದೆ ನಮ್ಮ ಬೇಡಿಕೆ ಇದು. ಈ ವರ್ಷದ ರಾಜ್ಯೋತ್ಸವಕ್ಕೆ ಇನ್ನೊಂದು ಆಶುಭಾಷಣ ಸ್ಪರ್ಧೆ ಬೇಡ (ನಮ್ಮಲ್ಲಿ ಒಬ್ಬ ಹೋದ ವರ್ಷ ಅದರಲ್ಲಿ ಎರಡನೇ ಬಹುಮಾನ ತಗೊಂಡವನು, ಅವನೂ ಒಪ್ಪಿದ್ದಾನೆ). ಅದರ ಬದಲು ಆಫೀಸಿನ ಕಂಪ್ಯೂಟರಲ್ಲಿ ಮಾಮೂಲಾಗಿ ಬರೋ ಇಪ್ಪತ್ತು ಪೆಟ್ಟಿಗೆಗಳನ್ನ ತಗೊಂಡು, ಪ್ರತಿಯೊಂದಕ್ಕೂ ಅದು ಏನು ಹೇಳ್ತಿದೆ, ಯಾವ ಬಟನ್ ಒತ್ತಿದ್ರೆ ಏನಾಗುತ್ತೆ, ಒತ್ತೋಕೆ ಮುಂಚೆ ಏನು ನಕಲು ತೆಗೀಬೇಕು ಅಂತ ಒಂದೊಂದು ಹಾಳೆ ಕನ್ನಡದಲ್ಲಿ ಬರೆಯೋಣ. ಬರೆದದ್ದನ್ನ ನಾವೇ ಸರಿ ಅಂದುಕೊಳ್ಳೋದು ಬೇಡ. ಕರೂರಿಗೆ ತಗೊಂಡು ಹೋಗಿ ಅಕ್ಕನಿಗೆ ಓದೋಕೆ ಕೊಡೋಣ. ಅವರಿಗೆ ಎಲ್ಲಿ ತಡೆಯುತ್ತೋ ಅಲ್ಲಿ ತಿದ್ದೋಣ. ಮೊದಲ ಹಾಳೆ, ಕಾಂಪ್ಯಾಕ್ಟಿನದು, ಬರೆದಾಗಿದೆ. ಲೆಕ್ಕದ ಪುಸ್ತಕದ ಉದಾಹರಣೆ ಅಕ್ಕನನ್ನ ಕೇಳಿಯೇ ಹಾಕಿದ್ದೀವಿ.

ಇದು ಸಮಾಜಸೇವೆ ಅಲ್ಲ. ಹಾಳೆ ಬರೆಯೋಕೆ ಕೂತಾಗಲೇ ನಮಗೆ ಎಫ್‌ಎಟಿ32, ಪಿಒಪಿ, ಲಾಕ್ ಫೈಲು ನಿಜವಾಗಿ ತಿಳಿದದ್ದು. ಎರಡು ಸಲ ಇಂಟರ್ನಲ್ಸಿಗೆ ಓದಿದಾಗ ತಿಳಿದಿರಲಿಲ್ಲ.

ಬರೆಯೋಕೆ ಆಸಕ್ತಿ ಇರೋರು ಬುಧವಾರ ಸಂಜೆ ಕ್ಲಬ್ ರೂಮಿಗೆ ಬನ್ನಿ, ಯಾವ ಬ್ರಾಂಚ್ ಆದ್ರೂ ಸರಿ. ಮೆಕ್ಯಾನಿಕಲ್‌ನವರು ಬಂದ್ರೆ ಇನ್ನೂ ಒಳ್ಳೇದು, ಚಾಚಾ ಹೇಳಿದ ಅರ್ಧ ನಮಗೆ ಇನ್ನೂ ಅರ್ಥ ಆಗಿಲ್ಲ. ಹಾರ್ಡ್ ಡಿಸ್ಕ್ ಮಾತ್ರ ಯಾರೂ ಕೇಳಬೇಡಿ. ಅದು ಕರೂರಲ್ಲೇ ಇದೆ, ಅಕ್ಕ ಪ್ರತಿ ಶನಿವಾರ ಮಧ್ಯಾಹ್ನ ಅದಕ್ಕೆ ಪ್ರೊಫೈಲ್ ಕಾಪಿ ಮಾಡ್ತಿದ್ದಾರಂತೆ.